ಎದೆಯ ಮೇಲಿನ ಬಟ್ಟೆ: ದುಡಿದ ಅವ್ವಂದಿರ ಪಾಲಿನ ಚರಿತ್ರೆ

ನಮ್ಮ ಚರಿತ್ರೆಕಾರರು ರಾಜರ ಕಿರೀಟದ ತೂಕ ಬರೆದಿದ್ದಾರೆ, ಕುದುರೆಯ ಜೀನಿನ ಕಸೂತಿ ಬರೆದಿದ್ದಾರೆ. ದೇವರ ವಿಗ್ರಹಕ್ಕೆ ಯಾವ ಹಬ್ಬಕ್ಕೆ ಯಾವ ಪೀತಾಂಬರ ಅಂತ ಶಾಸನಗಳಲ್ಲೇ ಇದೆ. ಹೆಂಗಸಿನ ಎದೆಯ ಮೇಲೆ ಬಿದ್ದ, ಬೀಳದೇ ಹೋದ ಒಂದು ಮೊಳ ಬಟ್ಟೆಯ ಚರಿತ್ರೆ ಮಾತ್ರ ಎಲ್ಲೂ ಇಲ್ಲ. ಕವಿಗಳು ಬರೆದರು ಅಂತೀರಾ? ಬರೆದರು. ಅವರು ಬರೆದದ್ದು ಹದಿನಾರರ ಹುಡುಗಿಯ ಎದೆ. ಆ ಹುಡುಗಿ ಹೆತ್ತು, ಹಾಲೂಡಿಸಿ, ಕಳೆ ಕಿತ್ತು, ಕಲ್ಲು ಹೊತ್ತು ಅರವತ್ತು ದಾಟಿದ ಮೇಲೆ ಅವಳ ಎದೆ ಏನಾಯಿತು, ಅದರ ಭಾರ ಯಾರು ಹೊತ್ತರು ಎಂದು ಒಬ್ಬ ಕವಿಯೂ ಕೇಳಲಿಲ್ಲ.

ನಾವು ಕೇಳುತ್ತಿದ್ದೇವೆ. ಈ ಪ್ರಶ್ನೆ ಕೇಳಿದರೆ ಕೆಲವರು ಮುಸಿಮುಸಿ ನಗುತ್ತಾರೆ, ಕೆಲವರು ಪತ್ರಿಕೆ ಮಡಿಚಿಡುತ್ತಾರೆ. ‘ಇದೂ ಒಂದು ಚಳವಳಿಯ ವಿಷಯವೇನ್ರಪ್ಪ’ ಅನ್ನುವ ಗೆಳೆಯರೂ ಇದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇವೆ: ಈ ದೇಶದಲ್ಲಿ ಎದೆಯ ಮೇಲಿನ ಬಟ್ಟೆಗಾಗಿ ಮನೆಗಳು ಸುಟ್ಟಿವೆ, ಸೈನ್ಯ ಬಂದಿದೆ, ರಾಜಾಜ್ಞೆಗಳು ಹೊರಟಿವೆ. ಇದು ನಗುವ ವಿಷಯ ಅಲ್ಲ.

ನಮ್ಮ ಹಳ್ಳಿಗಳಲ್ಲಿ ಬ್ರಾ ಅನ್ನುವುದಿಲ್ಲ, ‘ಬಾಡಿ’ ಅಂತಾರೆ. ಇಂಗ್ಲಿಷಿನಲ್ಲಿ ಬಾಡಿ ಅಂದರೆ ಮೈ. ಅಲ್ಲಿಯೂ ಹಿಂದೆ ಹೆಂಗಸರ ಮೇಲಂಗಿಯನ್ನು ‘ಬಾಡೀಸ್’ ಎಂದು ಕರೆದು, ಆಮೇಲೆ ಅದೇ ಮಾತು ‘ಬಾಡಿಸ್’ ಆಯಿತು. ಮೈಗೂ ಬಟ್ಟೆಗೂ ಒಂದೇ ಹೆಸರು. ಆದರೆ ಮೈ ಮುದಿಯಾದಂತೆ ಬಟ್ಟೆ ಬೇರೆ ಆಗಬೇಕಲ್ಲ? ಅದು ಆಗಲೇ ಇಲ್ಲ. ಯಾಕೆ ಆಗಲಿಲ್ಲ ಎನ್ನುವುದೇ ಈ ಲೇಖನ.

1. ಮುಚ್ಚುವ ಹಕ್ಕು

ಮೊದಲು ತಿರುವಾಂಕೂರಿಗೆ ಹೋಗೋಣ. ಅಲ್ಲಿ ಎದೆ ಮುಚ್ಚುವುದು, ಬಿಡುವುದು ಮಾನದ ಪ್ರಶ್ನೆಯಾಗಿರಲಿಲ್ಲ, ಜಾತಿಯ ಪ್ರಶ್ನೆಯಾಗಿತ್ತು. ಮೇಲಿನವರ ಎದುರು ಕೆಳಗಿನವರು ಎದೆ ತೆರೆದು ನಿಲ್ಲಬೇಕು. ನಾಯರ್ ಹೆಂಗಸು ನಂಬೂದಿರಿಯ ಮುಂದೆ ತೆರೆಯಬೇಕು, ಶಾಣಾರ ಹೆಂಗಸು ನಾಯರನ ಮುಂದೆ ತೆರೆಯಬೇಕು, ಪುಲಯರ ಹೆಂಗಸು ಎಲ್ಲರ ಮುಂದೆಯೂ ತೆರೆದೇ ಇರಬೇಕು. ಗೌರವ ಅಂದರೆ ಇದು. ಬಟ್ಟೆ ಎನ್ನುವುದು ಏಣಿ, ಒಂದೊಂದು ಮೆಟ್ಟಿಲಿಗೂ ಅಳತೆ ಬೇರೆ.

ಶಾಣಾರರು ತಾಳೆ ಮರ ಹತ್ತಿ ಹೆಂಡ ಇಳಿಸುವ ಜನ, ಇವತ್ತಿನ ನಾಡಾರರು. ಅವರಲ್ಲಿ ಕೆಲವರು ಕ್ರೈಸ್ತರಾದರು. 1810ರ ದಶಕದಲ್ಲಿ ದಿವಾನನೂ ರೆಸಿಡೆಂಟನೂ ಆಗಿದ್ದ ಕರ್ನಲ್ ಮನ್ರೋ, ಕ್ರೈಸ್ತರಾದ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು ಎಂದು ಆಜ್ಞೆ ಮಾಡಿದ. ಅರಮನೆಯ ಸುತ್ತಲಿದ್ದವರು ಗದ್ದಲ ಎಬ್ಬಿಸಿದರು. ಹಾಗಾದರೆ ಭೇದ ಉಳಿಯುವುದು ಹೇಗೆ ಅಂತ ಅವರ ಕೇಳಿಕೆ. ನೋಡಿ, ಎಷ್ಟು ಪ್ರಾಮಾಣಿಕ ಮಾತು! ಆಮೇಲೆ ರಾಜಿಯಾಯಿತು: ಕುಪ್ಪಾಯ ಎಂಬ ಗಿಡ್ಡ ಅಂಗಿ ಹಾಕಬಹುದು, ಆದರೆ ನಾಯರ್ ಹೆಂಗಸರಂತೆ ಹೆಗಲ ಮೇಲೆ ಮೇಲುವಸ್ತ್ರ ಹೊದೆಯುವ ಹಾಗಿಲ್ಲ. ನಾಗರಕೋವಿಲಿನ ಕಡೆಯ ಮಿಷನರಿಗಳ ಹೆಂಡಂದಿರು ಒಂದು ಸಡಿಲ ಅಂಗಿ ಹೊಲಿದುಕೊಟ್ಟರು.

ಆದರೆ ಶಾಣಾರ ಹೆಂಗಸರು ಬರೀ ಅಂಗಿಗೆ ಒಪ್ಪಲಿಲ್ಲ. ಅಂಗಿಯ ಮೇಲೆ ಮೇಲುವಸ್ತ್ರವನ್ನೂ ಹೊದ್ದರು. 1820ರ ದಶಕದ ಉದ್ದಕ್ಕೂ ಸಂತೆಯಲ್ಲಿ, ಬೀದಿಯಲ್ಲಿ ಅವರ ಬಟ್ಟೆ ಹರಿದರು, ಹೊಡೆದರು. 1829ರ ಫೆಬ್ರವರಿಯಲ್ಲಿ ರಾಜಾಜ್ಞೆ ಬಂತು: ಮೇಲುವಸ್ತ್ರ ಕೂಡದು, ಅಂಗಿ ಸಾಕು. ಅದೇ ಆಜ್ಞೆಯಲ್ಲಿ ಇನ್ನೊಂದು ಮಾತೂ ಇತ್ತು: ಶಾಣಾರರು ಸರ್ಕಾರಿ ಚಾಕರಿಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಬಟ್ಟೆಯೂ ಬಿಟ್ಟಿಯೂ ಒಂದೇ ಕಾಗದದಲ್ಲಿ. ಎದೆ ಮುಚ್ಚಿದವಳು ನಾಳೆ ಬಿಟ್ಟಿ ಚಾಕರಿಗೆ ಬರುವುದಿಲ್ಲ ಎಂದು ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು.

1855ರಲ್ಲಿ ತಿರುವಾಂಕೂರು ಗುಲಾಮಗಿರಿಯನ್ನು ರದ್ದು ಮಾಡಿತು. 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಅದೇ ವರ್ಷದ ಕೊನೆಯಲ್ಲಿ ಮತ್ತೆ ದಂಗೆ. ಹೆಂಗಸರ ಅಂಗಿ ಹರಿದರು, ಮನೆ ಸುಟ್ಟರು. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಒತ್ತಡ ಹಾಕಿದ ಮೇಲೆ 1859ರ ಜುಲೈ 26ರಂದು ಉತ್ರಂ ತಿರುನಾಳ್ ಮಹಾರಾಜ ಘೋಷಣೆ ಹೊರಡಿಸಿದ: ಎಲ್ಲ ಶಾಣಾರ ಹೆಂಗಸರೂ ಅಂಗಿ ಹಾಕಬಹುದು, ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಉಡಬಾರದು. ನಲವತ್ತೈದು ವರ್ಷ ಹೋರಾಡಿದ ಮೇಲೆ ಸಿಕ್ಕಿದ್ದು ಒರಟು ಬಟ್ಟೆ. ನಯದ ಬಟ್ಟೆ ಆಗಲೂ ಸಿಗಲಿಲ್ಲ. ಈ ಒರಟು ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಪುಲಯರಿಗೆ ಅದೂ ಸಿಗಲಿಲ್ಲ. ಅವರ ಹೆಂಗಸರ ಕೊರಳಿಗೆ ಕಲ್ಲಿನ ಮಣಿಗಳ ಮಾಲೆ, ಕಲ್ಲುಮಾಲೆ. ಅದು ಒಡವೆ ಅಲ್ಲ, ಗುರುತಿನ ಹಗ್ಗ. 1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಅದನ್ನು ಕಿತ್ತೆಸೆಯಲು ಹೊರಟ ಪುಲಯರ ಮೇಲೆ ದಾಳಿಯಾಯಿತು, ಗುಡಿಸಲುಗಳು ಉರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಅಯ್ಯನ್‌ಕಾಳಿ ಕೊಲ್ಲಂನಲ್ಲಿ ಸಭೆ ಕರೆದರು. ಹೆಂಗಸರು ಕಲ್ಲುಮಾಲೆ ಕಿತ್ತು ರಾಶಿ ಹಾಕಿದರು, ರವಿಕೆ ತೊಡುವ ಹಕ್ಕು ಸಾರಿದರು. ಆ ರಾಶಿಯಲ್ಲಿ ಮುದುಕಿಯರ ಮಾಲೆಯೂ ಇದ್ದೇ ಇರಬೇಕು. ಐವತ್ತು ಅರವತ್ತು ವರ್ಷ ಕೊರಳಲ್ಲಿ ತೂಗಿದ ಕಲ್ಲು ಇಳಿಸಿದ ಮೇಲೆ ಆ ಕೊರಳಿಗೆ ಎಷ್ಟು ಹಗುರ ಅನ್ನಿಸಿತೋ!

ನಂಗೇಲಿಯ ಕತೆ ನಮ್ಮ ಗೆಳೆಯರು ಬಲ್ಲರು. ಮೊಲೆಗರ ಕೇಳಲು ಬಂದವರಿಗೆ ಮೊಲೆಯನ್ನೇ ಕೊಯ್ದುಕೊಟ್ಟ ಚೇರ್ತಲದ ಹೆಣ್ಣು. ಅದು ಜನರ ಬಾಯಲ್ಲಿ ಬಂದ ಕತೆ, ಆ ಕಾಲದ ದಾಖಲೆಯಲ್ಲಿ ಇರುವುದಲ್ಲ. ಆದರೆ 1829ರ ಆಜ್ಞೆ, 1859ರ ಘೋಷಣೆ ಎರಡೂ ದಾಖಲೆಯಲ್ಲೇ ಇವೆ. ಅವೂ ಶಾಲೆಯ ಪುಸ್ತಕದಲ್ಲಿ ಉಳಿಯಲಿಲ್ಲ. ಶಾಣಾರ ಹೆಂಗಸರ ಹೋರಾಟದ ಭಾಗದಿಂದ ಪ್ರಶ್ನೆ ಕೇಳಬಾರದೆಂದು 2016ರಲ್ಲಿ ಸಿಬಿಎಸ್‌ಇ ಸುತ್ತೋಲೆ ಕಳಿಸಿತು. 2019ರಲ್ಲಿ ಎನ್‌ಸಿಇಆರ್‌ಟಿ ಒಂಬತ್ತನೇ ತರಗತಿ ಪುಸ್ತಕದಿಂದ ಉಡುಪಿನ ಚರಿತ್ರೆಯ ಪಾಠವನ್ನೇ ತೆಗೆಯಿತು. ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಗಳೇ, ಪುಸ್ತಕದಲ್ಲಿ ಇಲ್ಲದಿದ್ದರೆ ಏನಂತೆ, ಬಾಯಿ ಇದೆಯಲ್ಲ.

2. ಉಡುವುದನ್ನು ಕಲಿಸಿದವರು

1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟರು. ಇದು ಎಲ್ಲರಿಗೂ ಗೊತ್ತು. ಅದೇ ಸಮ್ಮೇಳನದಲ್ಲಿ ಅವರು ಹೆಂಗಸರನ್ನು ಕೂರಿಸಿಕೊಂಡು ಬಟ್ಟೆಯ ಮಾತಾಡಿದರು. ಇದು ಅಷ್ಟಾಗಿ ಗೊತ್ತಿಲ್ಲ. ನೀವು ಸೀರೆ ಉಡುವ ರೀತಿಯೇ ನಿಮ್ಮ ಜಾತಿ ಹೇಳುತ್ತದೆ, ಆ ಗುರುತು ಅಳಿಸಿ, ಸವರ್ಣ ಹೆಂಗಸರ ಹಾಗೆ ಉಡಿ, ಕೈತುಂಬ ಕಾಲ್ತುಂಬ ಲೋಹದ ಒಡವೆ ಹೇರಿಕೊಳ್ಳಬೇಡಿ, ಹೆಣ್ಣುಮಕ್ಕಳನ್ನು ಓದಿಸಿ. ಮೊಣಕಾಲ ಮೇಲೆ ಸೀರೆ ಕಟ್ಟುತ್ತಿದ್ದ ಹೆಂಗಸರು ಅಲ್ಲೇ ಉಡುವ ರೀತಿ ಬದಲಾಯಿಸಿದರು. ಒಬ್ಬ ಬ್ಯಾರಿಸ್ಟರ್, ಡಾಕ್ಟರ್ ಪದವಿಗಳ ಪಂಡಿತ ಹೆಂಗಸರ ಉಡುಪಿನ ಬಗ್ಗೆ ಮಾತಾಡುವುದು ಸಣ್ಣತನ ಅಂದುಕೊಳ್ಳಲಿಲ್ಲ. ನಮ್ಮ ನಗುವ ಗೆಳೆಯರು ಇದನ್ನು ಗಮನಿಸಬೇಕು.

ಇನ್ನು ನಮ್ಮ ನಾಡು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಏನಾಯಿತು? ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ. ಬೆತ್ತಲೆ ಹೋಗುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ಕೇರಿಗಳ ಬಡ ಹೆಂಗಸರು. ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಹೊಡೆದರು, ಬಟ್ಟೆ ಕಿತ್ತರು. ಪೊಲೀಸರನ್ನು, ಹೆಂಗಸು ಪೊಲೀಸರನ್ನೂ ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ತಿರುವಾಂಕೂರಿನಲ್ಲಿ ರಾಜನ ಹೆಸರಲ್ಲಿ ಬಿಚ್ಚಿಸಿದ್ದನ್ನು ಇಲ್ಲಿ ದೇವಿಯ ಹೆಸರಲ್ಲಿ ಬಿಚ್ಚಿಸುತ್ತಿದ್ದರು. ಬಿಚ್ಚಬೇಕಾದ ಮೈ ಮಾತ್ರ ಎರಡು ಕಡೆಯೂ ಬಡವಳದೇ.

ಹಾಗೆಂದು ಬಟ್ಟೆಯೇ ಬಿಡುಗಡೆ ಅಂದುಬಿಟ್ಟರೆ ಅದೂ ತಪ್ಪು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ನೋಡಿ. ರವಿಕೆ ಇಲ್ಲ, ಬಾಡಿ ಇಲ್ಲ. ಹೆಗಲ ಮೇಲಿಂದ ಸುತ್ತಿ ಗಂಟು ಹಾಕಿದ ಸೀರೆ, ಕೊರಳಿಂದ ಎದೆಯವರೆಗೆ ಮಣಿಸರಗಳ ರಾಶಿ. ಅಂಕೋಲೆಯ ತುಳಸಿ ಗೌಡ ಅದೇ ಉಡುಪಿನಲ್ಲಿ, ಬರಿಗಾಲಲ್ಲಿ 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸಸಿ ಬೆಳೆಸಿದ ಆ ಅಜ್ಜಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ರವಿಕೆ ಹಾಕಿಸಬೇಕಿತ್ತು ಎಂದು ಯಾರಾದರೂ ಅಂದರೆ ಅದು ಇನ್ನೊಂದು ದಬ್ಬಾಳಿಕೆ. ಕಲ್ಲುಮಾಲೆ ಹೇರಿದ್ದು, ಹಾಲಕ್ಕಿಯ ಮಣಿಸರ ಅವಳೇ ಕಟ್ಟಿಕೊಂಡದ್ದು. ಚಂದ್ರಗುತ್ತಿಯ ಬೆತ್ತಲೆ ಭಯದ್ದು, ತುಳಸಿ ಗೌಡರ ಬರಿಹೆಗಲು ಅಭ್ಯಾಸದ ನೆಮ್ಮದಿಯದು. ತೊಡುವುದೋ ಬಿಡುವುದೋ, ನಿರ್ಧಾರ ಯಾರದು ಎನ್ನುವುದೇ ಪ್ರಶ್ನೆ.

3. ಕೊರ್ಸೆಟ್ಟಿನಿಂದ ಅಕ್ಷರದ ಅಳತೆಗೆ

ಈಗ ಬಾಡಿಯ ಹುಟ್ಟು ನೋಡೋಣ. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯಲ್ಲಿ 2008ರಲ್ಲಿ ನೆಲದ ಹಲಗೆಗಳ ಕೆಳಗೆ ಹಳೆ ಬಟ್ಟೆಗಳ ರಾಶಿ ಸಿಕ್ಕಿತು. ಅದರಲ್ಲಿ ನಾರುಬಟ್ಟೆಯಲ್ಲಿ ಬಟ್ಟಲು ಇಟ್ಟು ಹೊಲಿದ, ಇಂದಿನ ಬ್ರಾಗಳನ್ನೇ ಹೋಲುವ ತುಂಡುಗಳಿದ್ದವು. ಹದಿನೈದನೇ ಶತಮಾನದವು. ಅಂದರೆ ಎದೆಗೆ ಆಧಾರ ಬೇಕು ಎಂದು ಹೆಂಗಸರಿಗೆ ಯಾವಾಗಲೂ ಗೊತ್ತಿತ್ತು, ಕೈಯಲ್ಲಿ ಸೂಜಿ ಇತ್ತು, ಹೊಲಿದುಕೊಂಡರು. ಆಮೇಲೆ ಬಂದ ಶತಮಾನಗಳಲ್ಲಿ ಯುರೋಪಿನ ಸಿರಿವಂತರ ಮನೆಯಲ್ಲಿ ಕೊರ್ಸೆಟ್ ಬಂತು: ತಿಮಿಂಗಿಲದ ಬಾಯಿಯ ಎಲುಬು, ಉಕ್ಕಿನ ಪಟ್ಟಿ ಇಟ್ಟು ಸೊಂಟ ಬಿಗಿಯುವ ಕವಚ. ಉಸಿರಾಡದ ಹೆಂಗಸು ಅಂದಗಾತಿ.

1889ರಲ್ಲಿ ಪ್ಯಾರಿಸ್ಸಿನ ಹರ್ಮಿನಿ ಕಡೋಲ್ ಎಂಬಾಕೆ ಕೊರ್ಸೆಟ್ಟನ್ನು ಎರಡು ತುಂಡು ಮಾಡಿದಳು. ಮೇಲಿನ ತುಂಡು ಎದೆಗೆ, ಭಾರ ಹೆಗಲ ಪಟ್ಟಿಗೆ. ಅದಕ್ಕೆ ಅವಳು ಇಟ್ಟ ಹೆಸರು ‘ಬಿಯೆನ್ ಎತ್ರ್’, ಅಂದರೆ ಕ್ಷೇಮ, ನೆಮ್ಮದಿ. ಅಂದ ಅಲ್ಲ, ನೆಮ್ಮದಿ. 1914ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಿರಿವಂತರ ಮನೆಯ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರ್ಚೀಫು, ಒಂದು ರಿಬ್ಬನ್ ಸೇರಿಸಿ ಮಾಡಿದ ಒಳ ಉಡುಪಿಗೆ ಪೇಟೆಂಟ್ ಪಡೆದಳು. ಕೊನೆಗೆ ಅದನ್ನು ವಾರ್ನರ್ ಎಂಬ ಕೊರ್ಸೆಟ್ ಕಂಪನಿಗೆ 1,500 ಡಾಲರಿಗೆ ಮಾರಿದಳು. 1922ರಲ್ಲಿ ನ್ಯೂಯಾರ್ಕಿನಲ್ಲೇ ಇಡಾ ರೋಸೆಂಥಾಲ್ ಮತ್ತು ಜೊತೆಗಾರರು ಮೇಡನ್‌ಫಾರ್ಮ್ ಶುರು ಮಾಡಿದರು. ಇಡಾ ರಷ್ಯಾದ ಜಾರನ ಆಳ್ವಿಕೆಯಿಂದ ಬಂದ ಬಡ ಯಹೂದಿ ದರ್ಜಿ. ಎಲ್ಲ ಎದೆಯನ್ನೂ ಚಪ್ಪಟೆ ಮಾಡುವ ಆ ಕಾಲದ ಪಟ್ಟಿಗೆ ಬದಲಾಗಿ ಎರಡು ಬಟ್ಟಲಿನ ಬ್ರಾ ಹೊಲಿದರು. 1932ರಲ್ಲಿ ಕ್ಯಾಂಪ್ ಕಂಪನಿ ಬಟ್ಟಲಿಗೆ ಎ, ಬಿ, ಸಿ, ಡಿ ಅಂತ ಅಕ್ಷರ ಹಚ್ಚಿತು.

ಈ ಅಕ್ಷರ ಬಂದದ್ದು ಒಳ್ಳೆಯದೇ. ಯಾಕೆ ಅಂದರೆ ಎದೆಗೂಡಿನ ಸುತ್ತಳತೆ ಬೇರೆ, ಮೊಲೆಯ ಗಾತ್ರ ಬೇರೆ ಎಂದು ಮೊದಲ ಸಲ ಲೆಕ್ಕಕ್ಕೆ ಬಂತು. ಆದರೆ ಸಿದ್ಧ ಉಡುಪಿನ ಕಾರ್ಖಾನೆಗೆ ಒಂದು ಮಾದರಿ ಮೈ ಬೇಕು. ಆ ಮಾದರಿ ಯಾವತ್ತೂ ಹರೆಯದ ಮೈ. ಜಾಹೀರಾತಿನ ಮೈ ಕೂಡ ಅದೇ. 1959ರಲ್ಲಿ ರೂತ್ ಹ್ಯಾಂಡ್ಲರ್ ಎಂಬಾಕೆ ಬಾರ್ಬಿ ಬೊಂಬೆ ಮಾರುಕಟ್ಟೆಗೆ ತಂದಳು. ಯಾವ ಹೆಂಗಸಿಗೂ ಇಲ್ಲದ ಎದೆ, ಯಾವ ಹೆಂಗಸಿಗೂ ಇಲ್ಲದ ಸೊಂಟ. 1970ರಲ್ಲಿ ಅದೇ ರೂತ್‌ಗೆ ಸ್ತನದ ಕ್ಯಾನ್ಸರ್ ಆಗಿ ಒಂದು ಮೊಲೆ ತೆಗೆದರು. ಅಂಗಡಿಯಲ್ಲಿ ಸಿಗುವ ಕೃತಕ ಮೊಲೆ ನೋಡಿ ಅವಳಿಗೆ ಸಿಟ್ಟು ಬಂತು. ಎಡಕ್ಕೂ ಬಲಕ್ಕೂ ಒಂದೇ ಅಚ್ಚು! ಚಪ್ಪಲಿಗೆ ಎಡಬಲ ಉಂಟು, ಇದಕ್ಕೆ ಯಾಕಿಲ್ಲ? 1976ರಲ್ಲಿ ‘ನಿಯರ್ಲಿ ಮಿ’ ಹೆಸರಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಅಳತೆ ಪ್ರಕಾರ ಮಾಡಿ ಮಾರತೊಡಗಿದಳು. ಹರೆಯದ ಸುಳ್ಳು ಎದೆ ಮಾರಿದವಳೇ ನಡುವಯಸ್ಸು ದಾಟಿದ ಮೇಲೆ ನಿಜದ ಎದೆಯ ಕಷ್ಟ ಕಂಡುಕೊಂಡಳು. ಬಂಡವಾಳಕ್ಕೆ ಮುಪ್ಪಿನ ಬುದ್ಧಿ ಬರುವುದು ಅದರ ಸ್ವಂತ ಮೈ ನೊಂದಾಗ ಮಾತ್ರ.

4. ನಮ್ಮ ಕುಪ್ಪಸದ ಗಂಟು

ಉತ್ತರ ಕರ್ನಾಟಕದ ಅವ್ವಂದಿರ ಕುಪ್ಪಸ ನೋಡಿ. ಗುಳೇದಗುಡ್ಡದ ಖಣದಲ್ಲಿ ಹೊಲಿದದ್ದು. ಮುಂದೆ ಎದೆಯ ಕೆಳಗೆ ಎರಡು ತುದಿ ಎಳೆದು ಗಂಟು. ಅದಕ್ಕೆ ಗುಂಡಿ ಬೇಡ, ಹುಕ್ಕು ಬೇಡ. ಬಸುರಿಯಾದಾಗ ಸಡಿಲ, ಬಾಣಂತನದಲ್ಲಿ ಬಿಚ್ಚಲು ಸಲೀಸು, ಮುಪ್ಪಿನಲ್ಲಿ ಮೈ ಇಳಿದಾಗ ಎರಡು ಬೆರಳು ಬಿಗಿ. ಒಂದೇ ಬಟ್ಟೆ ಒಂದು ಆಯುಷ್ಯದ ಜೊತೆ ಹೊಂದಿಕೊಂಡಿತು. ಗಂಟು ಮುಂದೆ ಇರುವುದರಿಂದ ಕೈ ಹಿಂದಕ್ಕೆ ಹೋಗದ ಮುದುಕಿಗೂ ಕಷ್ಟವಿಲ್ಲ. ಇದು ಯಾವ ಕಂಪನಿಯ ಪೇಟೆಂಟೂ ಅಲ್ಲ, ದುಡಿಯುವ ಹೆಂಗಸರ ತಿಳಿವಳಿಕೆ.

ಆಮೇಲೆ ಸಿದ್ಧ ಬಾಡಿ ಸಂತೆಗೆ ಬಂತು. ಹೇಗೆ ಬಂತು? ತಳ್ಳುಗಾಡಿಯ ಮೇಲೆ ರಾಶಿಯಾಗಿ ಬಂತು. ಅಳತೆ ಅಂದರೆ 32, 34, 36, ಅಷ್ಟೇ. ಎ, ಬಿ, ಸಿ ಅಕ್ಷರ ನಮ್ಮ ಸಂತೆಯವರೆಗೆ ನಡೆದು ಬರಲಿಲ್ಲ. ಮಾರುವವನು ಗಂಡಸು, ಸುತ್ತ ನಿಂತವರು ಗಂಡಸರು. ಹೆಂಗಸು ಮುಟ್ಟಿ ನೋಡುವುದಿಲ್ಲ, ಎಳೆದು ನೋಡುವುದಿಲ್ಲ. ಸೆರಗಿನ ಮರೆಯಲ್ಲಿ ಒಂದು ನಂಬರ್ ಹೇಳಿ, ಪೇಪರಿನಲ್ಲಿ ಸುತ್ತಿಸಿಕೊಂಡು ಓಡುತ್ತಾಳೆ. ಬದನೆಕಾಯಿಯನ್ನು ಹತ್ತು ಸಲ ತಿರುಗಿಸಿ ನೋಡುವವಳು ವರ್ಷವಿಡೀ ಎದೆಗೆ ಕಟ್ಟಿಕೊಳ್ಳುವುದನ್ನು ಕಣ್ಣು ಮುಚ್ಚಿ ಕೊಳ್ಳುತ್ತಾಳೆ. ಮುದುಕಿಯಾದರೆ ಇನ್ನೂ ನಾಚಿಕೆ. ‘ಈ ವಯಸ್ಸಲ್ಲಿ ನಿಂಗ್ಯಾಕವ್ವ ಬಾಡಿ?’ ಅಂತ ಸ್ವಂತ ಸೊಸೆಯೇ ಕೇಳಿಯಾಳು. ಮಗಳು ಬಿಸಾಡಿದ ಹಳೇ ಬಾಡಿಯೇ ಅವ್ವನಿಗೆ. ತಿರುವಾಂಕೂರಿನ ಆಜ್ಞೆಯ ಒರಟು ಬಟ್ಟೆ ಎಂಬ ಮಾತು ಈಗ ನೆನಪು ಮಾಡಿಕೊಳ್ಳಿ. ರಾಜನಿಲ್ಲ, ಆಜ್ಞೆಯಿಲ್ಲ, ಒರಟು ಬಟ್ಟೆ ಮಾತ್ರ ಉಳಿದಿದೆ.

ಇದನ್ನೆಲ್ಲ ಹೊಲಿಯುವವರು ಯಾರು? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದೇಶವಿದೇಶಗಳ ಮೈಗಳಿಗೆ ಬಟ್ಟೆ ಹೊಲಿಯುವವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು: ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವಯಸ್ಸಾಗುವವರೆಗೆ ತೆಗೆಯುವಂತಿಲ್ಲ. ಹೊಲಿಗೆ ಯಂತ್ರದ ಮುಂದೆ ಸೊಂಟ, ಕಣ್ಣು ಸವೆದು ನಲವತ್ತಕ್ಕೇ ಮನೆಗೆ ಹೋಗುವ ಹೆಂಗಸಿಗೆ 58 ಅಂದರೆ ಇನ್ನೊಂದು ಜನ್ಮ. ಏಪ್ರಿಲ್ 18, 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತರು. ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ಮುಪ್ಪಿನ ದುಡ್ಡಿಗಾಗಿ ದೆಹಲಿಯನ್ನು ಮಣಿಸಿದ ಈ ಹೆಂಗಸರು ತಮ್ಮ ಮುಪ್ಪಿನ ಮೈಗೊಂದು ಅಳತೆಯ ಬಾಡಿ ಕೇಳಿದರೆ ಅದು ದೊಡ್ಡ ಬೇಡಿಕೆಯೇ?

5. ಮೈಯ ಚರಿತ್ರೆ

ಮೈಗೂ ಒಂದು ಚರಿತ್ರೆ ಇದೆ. ಮೊಲೆಯಲ್ಲಿ ಸ್ನಾಯು ಇಲ್ಲ. ಹಾಲಿನ ಗ್ರಂಥಿ, ಕೊಬ್ಬು, ಇವನ್ನು ಹಿಡಿದಿರುವ ನಾರಿನ ಎಳೆಗಳು, ಮೇಲೆ ಚರ್ಮ. ಆ ಎಳೆಗಳನ್ನು 1840ರಲ್ಲಿ ವಿವರಿಸಿದ ಲಂಡನ್ನಿನ ಆಸ್ಟ್ಲಿ ಕೂಪರನ ಹೆಸರೇ ಅವಕ್ಕಿದೆ. ಮುಟ್ಟು ನಿಂತ ಮೇಲೆ ಗ್ರಂಥಿ ಕುಗ್ಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ, ಎಳೆಗಳು ಉದ್ದವಾಗುತ್ತವೆ, ಚರ್ಮ ಸಡಿಲವಾಗುತ್ತದೆ. ಮೊಲೆ ಮೇಲ್ಭಾಗದಲ್ಲಿ ಬರಿದಾಗಿ ಕೆಳಭಾಗದಲ್ಲಿ ತುಂಬಿಕೊಳ್ಳುತ್ತದೆ. ಎಲುಬು ಸವೆದು ಬೆನ್ನು ಬಾಗುತ್ತದೆ, ಸಂಧಿವಾತದಲ್ಲಿ ಬೆರಳು ಮಣಿಯುವುದಿಲ್ಲ, ಭುಜ ಹಿಂದಕ್ಕೆ ತಿರುಗುವುದಿಲ್ಲ. ಇದು ಪಾಪವಲ್ಲ, ನಾಚಿಕೆಯಂತೂ ಅಲ್ಲವೇ ಅಲ್ಲ. ದುಡಿದ ಮೈ ಹೀಗೇ ಇರುತ್ತದೆ.

ಈ ಮೈಗೆ ಹರೆಯದ ಬಾಡಿ ಹಾಕಿದರೆ ಏನಾಗುತ್ತದೆ? ಹೆಗಲಲ್ಲಿ ಪಟ್ಟಿ ಕೊರೆದು ಹಳ್ಳ ಬೀಳುತ್ತದೆ. ಕುತ್ತಿಗೆ, ಬೆನ್ನು ನೋಯುತ್ತದೆ. ಮೊಲೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗಿ, ಬೂಸ್ಟು ಹತ್ತಿ ತುರಿಸುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಜಾಸ್ತಿ. ಎಷ್ಟು ಅವ್ವಂದಿರು ಇದನ್ನು ಡಾಕ್ಟರಿಗೆ ಹೇಳಿದ್ದಾರೆ? ಸೆರಗಿನೊಳಗೆ ಕೆರೆದುಕೊಂಡು ಸುಮ್ಮನಿರುತ್ತಾರೆ.

ಹಾಗಾಗಿ ಕೆಲವು ಮಾತು ಬಿಡಿಸಿ ಹೇಳುತ್ತೇವೆ. ಇದನ್ನು ಓದಿದ ಹುಡುಗಿಯರು ಮನೆಯ ಅವ್ವ, ಅಜ್ಜಿಗೆ ಓದಿ ಹೇಳಬೇಕು.

ಭಾರ ಹೊರಬೇಕಾದದ್ದು ಹೆಗಲಲ್ಲ, ಎದೆಯ ಕೆಳಗಿನ ಸುತ್ತುಪಟ್ಟಿ. ದರ್ಜಿಯ ಟೇಪು ತಗೊಂಡು ಮೊಲೆಯ ಕೆಳಗೆ ಸುತ್ತ ಅಳೆಯಿರಿ. ಆಮೇಲೆ ಮೊಲೆಯ ತುಂಬುಭಾಗದ ಸುತ್ತ ಅಳೆಯಿರಿ. ಇಳಿದ ಎದೆಯಾದರೆ ಸ್ವಲ್ಪ ಮುಂದಕ್ಕೆ ಬಾಗಿ ಅಳೆದರೆ ಸರಿಯಾದ ಲೆಕ್ಕ ಸಿಗುತ್ತದೆ. ಮೊದಲ ಅಳತೆಯೇ ಪಟ್ಟಿಯ ನಂಬರ್. ಎರಡರ ನಡುವಿನ ವ್ಯತ್ಯಾಸ ಬಟ್ಟಲಿನ ಅಕ್ಷರ: ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. ಕೆಳಗೆ 36, ಮೇಲೆ 40 ಬಂದರೆ 36 ಡಿ. ಅಂಗಡಿಯವರು ಹಳೇ ಲೆಕ್ಕದಲ್ಲಿ ಕೆಳಗಿನ ಅಳತೆಗೆ ನಾಲ್ಕು ಕೂಡಿಸಿ 40 ಕೊಡುವುದುಂಟು. 40 ಬಿ, 36 ಡಿ ಎರಡರ ಬಟ್ಟಲೂ ಹೆಚ್ಚುಕಡಿಮೆ ಒಂದೇ ಗಾತ್ರ, ಪಟ್ಟಿ ಮಾತ್ರ ನಾಲ್ಕಿಂಚು ಬೇರೆ. ಪಟ್ಟಿ ಸಡಿಲವಾದರೆ ಬೆನ್ನಿನಲ್ಲಿ ಮೇಲೇರುತ್ತದೆ, ಮುಂದೆ ಎದೆ ಕೆಳಗಿಳಿಯುತ್ತದೆ, ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಹೆಗಲಿನ ಹಳ್ಳದ ಗುಟ್ಟು ಇದೇ.

ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಹೊಸದನ್ನು ಕೊನೆಯ ಹುಕ್ಕಿಗೆ, ಅಂದರೆ ಅತಿ ಸಡಿಲಿನ ಹುಕ್ಕಿಗೆ ಹಾಕಿ ನೋಡಿ ಕೊಳ್ಳಬೇಕು. ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಹುಕ್ಕಿಗೆ ಬರಬಹುದು, ಬಾಳಿಕೆ ಬರುತ್ತದೆ. ಹತ್ತಿ ಬಟ್ಟೆ, ಅಗಲ ಪಟ್ಟಿ, ಹೊಲಿಗೆ ಇಟ್ಟ ಮೆತ್ತನೆ ಬಟ್ಟಲು ಮುಪ್ಪಿನ ಮೈಗೆ ಒಗ್ಗುತ್ತವೆ. ಅಚ್ಚಿನಲ್ಲಿ ಒತ್ತಿದ ಗಟ್ಟಿ ಬಟ್ಟಲು ಮೇಲೆ ಬಾಯಿ ಬಿಡುತ್ತದೆ. ಕೈ ಹಿಂದೆ ಹೋಗದವರು ಮುಂದೆ ಹುಕ್ಕಿರುವುದನ್ನೇ ಕೇಳಿ. ತಂತಿ ಬೇಕಿಲ್ಲ. ಇದಾವುದೂ ಸಿಗದಿದ್ದರೆ ಊರಿನ ಹೆಂಗಸು ದರ್ಜಿಯ ಹತ್ತಿರ ಕಟೋರಿ ರವಿಕೆಗೆ ಎದೆಭಾಗಕ್ಕೆ ಎರಡು ಪದರ ಹತ್ತಿ ಬಟ್ಟೆ ಕೊಟ್ಟು, ಕೆಳಗೆ ಅಗಲ ಪಟ್ಟಿ ಇಡಿಸಿ ಹೊಲಿಸಿಕೊಳ್ಳಿ. ಬೆವರಿನ ಜಾಗ ತೊಳೆದು, ಪೂರ್ತಿ ಒಣಗಿಸಿ, ಮೊಲೆಯ ಕೆಳಗೆ ಮೆತ್ತನೆ ಹತ್ತಿ ಬಟ್ಟೆಯ ಮಡಿಕೆ ಇಟ್ಟುಕೊಂಡರೆ ತುರಿ ತಗ್ಗುತ್ತದೆ. ತಗ್ಗದಿದ್ದರೆ ಆಸ್ಪತ್ರೆಗೆ ಹೋಗಿ. ಏನೂ ಹಾಕದೆ ಇರುವುದೇ ಹಿತ ಅನ್ನಿಸಿದರೆ ಹಾಗೇ ಇರಿ, ಯಾರಪ್ಪನ ಗಂಟು ಹೋಗುತ್ತದೆ?

ಒಂದು ಸುಳ್ಳನ್ನೂ ಇಲ್ಲೇ ಒಡೆಯಬೇಕು. ಬಾಡಿ ಹಾಕಿದರೆ ಕ್ಯಾನ್ಸರ್ ಬರುತ್ತದೆ ಎಂಬ ಮಾತು 1995ರಲ್ಲಿ ಅಮೆರಿಕದ ಒಂದು ಪುಸ್ತಕದಿಂದ ಹಬ್ಬಿತು. 2014ರಲ್ಲಿ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಸಂಸ್ಥೆಯವರು 55ರಿಂದ 74 ವಯಸ್ಸಿನ ಸಾವಿರದೈನೂರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಹೆದರಬೇಕಾದದ್ದು ಬಾಡಿಗಲ್ಲ, ಮೌನಕ್ಕೆ. ಎದೆಯಲ್ಲಿ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಲ್ಲಿ ರಕ್ತ, ಇವು ಕಂಡರೆ ನೋವಿಲ್ಲ ಅಂತ ಬಿಡಬಾರದು. ಮೂವತ್ತು ದಾಟಿದ ಹೆಂಗಸರ ಎದೆ ಪರೀಕ್ಷೆ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲೇ ಇದೆ. ಕೇಳಿ ಮಾಡಿಸಿಕೊಳ್ಳಬೇಕು. ಅಳತೆಗಾಗಿ ಟೇಪು ಹಿಡಿದ ಕೈಗೇ ಎಷ್ಟೋ ಸಲ ಮೊದಲ ಗಂಟು ಸಿಗುತ್ತದೆ.

6. ನಮ್ಮ ಮಾತು

ತಿರುವಾಂಕೂರಿನಲ್ಲಿ ಹೆಂಗಸರು ಕೇಳಿದ್ದು ಮುಚ್ಚುವ ಹಕ್ಕು. ಮಹಾಡದಲ್ಲಿ ಕಲಿತದ್ದು ಗುರುತು ಅಳಿಸುವ ಹಕ್ಕು. ಚಂದ್ರಗುತ್ತಿಯಲ್ಲಿ ಹೋರಾಡಿದ್ದು ಬಿಚ್ಚಿಸಿಕೊಳ್ಳದ ಹಕ್ಕು. ಈಗ ಉಳಿದಿರುವುದು ಹಿತದ ಹಕ್ಕು. ಹಿತ ಅನ್ನುವುದು ಶ್ರೀಮಂತರ ಶೋಕಿ ಅಂತ ನಮಗೆ ಹೇಳಿಕೊಟ್ಟವರು ಯಾರು? ನಮ್ಮ ಮೈ ದುಡಿಯಲಿಕ್ಕೆ ಮಾತ್ರ, ನೋವು ನಮ್ಮ ಹಣೆಬರಹ ಅಂದವರೇ. ಅವರ ಮಾತನ್ನು ನಾವೇ ನಮ್ಮ ಅವ್ವಂದಿರಿಗೆ ಹೇಳುತ್ತಾ ಹೋದರೆ ನಮ್ಮ ಬಂಡಾಯ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿತು ಎಂದರ್ಥ.

ಸ್ತ್ರೀಶಕ್ತಿ ಸಂಘಗಳಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳಿದ್ದಾರೆ. ಅವರು ಮುದುಕಿಯರ ಅಳತೆಗೆ ಮುಂದೆ ಹುಕ್ಕಿನ ಹತ್ತಿ ಬಾಡಿ ಹೊಲಿಯಲಿ. ಸಂತೆಯಲ್ಲಿ ಹೆಂಗಸರೇ ಮಾರುವ ಒಂದು ಮರೆಯ ಜಾಗ ಕೊಡಿ ಎಂದು ಪಂಚಾಯಿತಿಯನ್ನು ಕೇಳೋಣ. ಆಶಾ ಕಾರ್ಯಕರ್ತೆಯರು, ಟೀಚರಮ್ಮಗಳು ಹೆಣ್ಣುಮಕ್ಕಳ ಸಭೆಯಲ್ಲಿ ಟೇಪು ಹಿಡಿದು ಅಳತೆ ಹೇಳಿಕೊಡಲಿ. ಗಂಡುಹುಡುಗರು ಈ ಲೇಖನ ಓದಿ ನಗದಿದ್ದರೆ ಸಾಕು, ಅದೂ ಒಂದು ಕೆಲಸವೇ.

ನಮ್ಮನ್ನು ಹೆತ್ತು ಹಾಲೂಡಿಸಿದ ಎದೆಗಳು ಅವು. ಅವುಗಳ ಭಾರವನ್ನು ಅವ್ವಂದಿರು ಇನ್ನೂ ಒಬ್ಬರೇ ಹೊರುತ್ತಿದ್ದಾರೆ, ಕೊರೆದ ಹೆಗಲ ಮೇಲೆ. ಮುಂದಿನ ಸಂತೆಯ ದಿನ ಒಂದು ಟೇಪು ಕೊಂಡು ತನ್ನಿ.